ಮೆಡಿಕಲ್ ಕಾಲೇಜಿನಲ್ಲಿ ಮೇಷ್ಟ್ರಾಗಬೇಕೇ? ವಾರ್ಡಿನಿಂದಲೇ ಶುರುಮಾಡಿ

"ಸರ್, ಟೀಚಿಂಗ್ ಲೈನ್‌ಗೆ ಬರಬೇಕು ಅಂತಿದೆ. ಏನೇನು ಬೇಕು?" ಎಂಬಿಬಿಎಸ್ ಆದ ಮೇಲೆ ಎಂಡಿ ಮೆಡಿಸಿನ್ (ಪಿಜಿ, ಅಂದರೆ ಸ್ನಾತಕೋತ್ತರ ಕೋರ್ಸ್) ಮುಗಿಸಿದವರು ಈ ಪ್ರಶ್ನೆ ಕೇಳುವುದು ಹೆಚ್ಚಾಗಿ ರಿಸಲ್ಟ್ ಬಂದ ಮೇಲೆ. ಅಷ್ಟು ಹೊತ್ತಿಗೆ ಪಾಠ ಹೇಳಲು ಕಲಿಯುವುದಕ್ಕೆ ಸಿಗುವ ಅತಿ ಒಳ್ಳೆಯ ಮೂರು ವರ್ಷ ಕಳೆದುಹೋಗಿರುತ್ತದೆ. ಕಾಗದಪತ್ರ ಆಮೇಲೆ ಬೇಕಾದರೂ ಕೂಡಿಸಿಕೊಳ್ಳಬಹುದು. ಆದರೆ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವ ಅಡ್ಮಿಷನ್ ಡೇ ರಾತ್ರಿ ಒಬ್ಬ ಹೌಸ್ ಸರ್ಜನ್‌ಗೆ (ಎಂಬಿಬಿಎಸ್ ಇಂಟರ್ನ್‌ಗೆ) ಐದು ನಿಮಿಷದಲ್ಲಿ ಒಂದು ವಿಷಯ ಮನದಟ್ಟು ಮಾಡಿಸುವ ಕೈಚಳಕ ಅಸಿಸ್ಟೆಂಟ್ ಪ್ರೊಫೆಸರ್ ಆರ್ಡರ್ ಜೊತೆ ಬರುವುದಿಲ್ಲ.

ಆದ್ದರಿಂದ ಈ ಲೇಖನವನ್ನು ಪಿಜಿ ಸೀಟಿಗೆ ಓದುತ್ತಿರುವವರಿಂದ ಹಿಡಿದು ಎಸ್‌ಆರ್‌ಶಿಪ್‌ನಲ್ಲಿ (ಎಂಡಿ ನಂತರದ ಸೀನಿಯರ್ ರೆಸಿಡೆನ್ಸಿಯಲ್ಲಿ) ಇರುವವರವರೆಗೆ ಎಲ್ಲರಿಗೂ ಬರೆಯುತ್ತಿದ್ದೇನೆ. ನನ್ನ ಉದಾಹರಣೆಗಳೆಲ್ಲ ಜನರಲ್ ಮೆಡಿಸಿನ್‌ನವು, ಕರ್ನಾಟಕದವು. ಪೀಡಿಯಾಟ್ರಿಕ್ಸ್‌ನವರಿಗೂ ಚೆಸ್ಟ್ ಮೆಡಿಸಿನ್‌ನವರಿಗೂ ನಿಯಮಗಳು ಹೆಚ್ಚುಕಡಿಮೆ ಇವೇ.

ಹೆಜ್ಜೆ 1: ಸೀಟು ಆರಿಸುವಾಗಲೇ ಯೋಚಿಸಿ

ಕೌನ್ಸೆಲಿಂಗ್‌ನಲ್ಲಿ ಎಲ್ಲರೂ ನೋಡುವುದು ಸ್ಟೈಪೆಂಡ್, ಬಾಂಡ್, ಊರು ಮತ್ತು ಕಾಲೇಜಿನ ಹೆಸರು. ಟೀಚಿಂಗ್‌ಗೆ ಬರುವ ಮನಸ್ಸಿದ್ದರೆ ಇನ್ನೊಂದನ್ನೂ ನೋಡಿ: ಅಲ್ಲಿ ಎಂಬಿಬಿಎಸ್ ವಿದ್ಯಾರ್ಥಿಗಳು ಇದ್ದಾರೆಯೇ? ಕೆಲವು ಸಂಸ್ಥೆಗಳಲ್ಲಿ ಪಿಜಿ ಕೋರ್ಸ್ ಮಾತ್ರ ಇರುತ್ತದೆ. ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ ಡಿಎನ್‌ಬಿ (ಎಂಡಿಯಂಥದೇ ಇನ್ನೊಂದು ಪಿಜಿ ಕೋರ್ಸ್) ಮಾಡಿದರೆ ಐಸಿಯು ಕೆಲಸ ಚೆನ್ನಾಗಿ ಕಲಿಯುತ್ತೀರಿ, ಅದರಲ್ಲಿ ಅನುಮಾನವಿಲ್ಲ. ಆದರೆ ಬೆಳಗ್ಗೆ ಸ್ಟೆತೊಸ್ಕೋಪ್ ನೇತುಹಾಕಿಕೊಂಡು ಬರುವ ಮೂರನೇ ವರ್ಷದ ಹುಡುಗರ ಗುಂಪು ಅಲ್ಲಿರುವುದಿಲ್ಲ. ಪಾಠ ಹೇಳೋಣವೆಂದರೆ ಕೇಳುವವರೇ ಇಲ್ಲ.

ಹಳೆಯ ಕಾಲೇಜುಗಳಿಗೆ ಅವುಗಳದೇ ಗತ್ತು ಇದೆ. ಮೈಸೂರು ಮೆಡಿಕಲ್ ಕಾಲೇಜು ಶುರುವಾದದ್ದು 1924ರಲ್ಲಿ. ಬೆಂಗಳೂರಿನದು 1955ರಲ್ಲಿ, ಹುಬ್ಬಳ್ಳಿಯದು 1957ರಲ್ಲಿ. ಅಲ್ಲಿ ಬೆಡ್ ತುಂಬಿ ಪಕ್ಕದಲ್ಲಿ ಚಾಪೆ ಹಾಸಿರುತ್ತಾರೆ, ರೋಗಿಗಳಿಗೆ ಬರವಿಲ್ಲ. ಆದರೆ ನನ್ನ ಅನುಭವದಲ್ಲಿ ಕಾಲೇಜಿಗಿಂತ ಯೂನಿಟ್, ಅಂದರೆ ಒಬ್ಬ ಚೀಫ್ ಕೆಳಗಿನ ವೈದ್ಯರ ತಂಡ, ಮುಖ್ಯ. ಅಲ್ಲಿ ಈಗ ಇರುವ ಇಬ್ಬರು ಪಿಜಿಗಳಿಗೆ ಫೋನ್ ಮಾಡಿ ಕೇಳಿ. ಯೂನಿಟ್ ಚೀಫ್ ರೌಂಡ್ಸ್‌ನಲ್ಲಿ ರೋಗಿಯನ್ನು ಮುಟ್ಟಿ ನೋಡುತ್ತಾರಾ, ರಿಪೋರ್ಟ್ ಮಾತ್ರ ಕೇಳುತ್ತಾರಾ? ವಾರದ ಕೇಸ್ ಪ್ರೆಸೆಂಟೇಶನ್ ನಿಜಕ್ಕೂ ನಡೆಯುತ್ತದಾ, ನೋಟಿಸ್ ಬೋರ್ಡಿನಲ್ಲಿ ಮಾತ್ರವಾ? ಎಂಬಿಬಿಎಸ್ ಕ್ಲಿನಿಕ್ (ರೋಗಿಯ ಪಕ್ಕದಲ್ಲಿ ನಡೆಯುವ ಪಾಠ) ತೆಗೆದುಕೊಳ್ಳಲು ಪಿಜಿಗಳಿಗೆ ಬಿಡುತ್ತಾರಾ? ಮೂರಕ್ಕೂ ಹೌದೆಂದರೆ ಕಾಲೇಜಿನ ಹೆಸರು ಅಷ್ಟು ದೊಡ್ಡದಲ್ಲದಿದ್ದರೂ ಹೋಗಿ.

ಹೆಜ್ಜೆ 2: ಮೊದಲ ವರ್ಷದಲ್ಲೇ ಮುಗಿಸಬೇಕಾದ ಕೋರ್ಸ್‌ಗಳು

ಇದು ಬೇಸರದ ಭಾಗ, ಬೇಗ ಹೇಳಿಬಿಡುತ್ತೇನೆ. ರಾಷ್ಟ್ರೀಯ ವೈದ್ಯಕೀಯ ಆಯೋಗ, ಅಂದರೆ ಎನ್‌ಎಂಸಿ, 2020ರಲ್ಲಿ ಹಳೆಯ ಎಂಸಿಐ (ಭಾರತೀಯ ವೈದ್ಯಕೀಯ ಪರಿಷತ್ತು) ಜಾಗಕ್ಕೆ ಬಂತು. ಅದರ 2023ರ ಪಿಜಿ ನಿಯಮಗಳ ಪ್ರಕಾರ ರಿಸರ್ಚ್ ಮೆಥಡಾಲಜಿ, ಎಥಿಕ್ಸ್ ಮತ್ತು ಜಿಸಿಪಿ (ಕ್ಲಿನಿಕಲ್ ಸಂಶೋಧನೆಯ ಸರಿಯಾದ ಕ್ರಮ), ಬಿಸಿಎಲ್‌ಎಸ್ ಹಾಗೂ ಎಸಿಎಲ್‌ಎಸ್ (ಹೃದಯ ನಿಂತವರ ಜೀವ ಉಳಿಸುವ ಪ್ರಾಥಮಿಕ ಮತ್ತು ಮುಂದುವರಿದ ಕ್ರಮಗಳು) ತರಬೇತಿಗಳನ್ನು ಪಿಜಿಗಳೆಲ್ಲ ಮುಗಿಸಬೇಕು. ಇವನ್ನು ಮೊದಲ ವರ್ಷ ದಾಟಲು ಬಿಡಬೇಡಿ. ರಿಸರ್ಚ್ ಕೋರ್ಸನ್ನು ಎಲ್ಲರೂ ಬಿಸಿಬಿಆರ್ ಎನ್ನುತ್ತಾರೆ. ಚೆನ್ನೈನಲ್ಲಿರುವ ಐಸಿಎಂಆರ್‌ನ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆ ಅದನ್ನು ಆನ್‌ಲೈನ್‌ನಲ್ಲಿ ನಡೆಸುತ್ತದೆ. ಪಾಠ ಕೇಳುವುದಕ್ಕೆ ದುಡ್ಡಿಲ್ಲ, ಪರೀಕ್ಷೆಗೆ ಶುಲ್ಕವಿದೆ. ಮುಂದೆ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೂ ಇದೇ ಸರ್ಟಿಫಿಕೇಟ್ ಕೇಳುತ್ತಾರೆ. ಹಾಗಾಗಿ ಹೇಗಾದರೂ ಪಾಸಾದರೆ ಸಾಕು ಎನ್ನದೆ ಸ್ವಲ್ಪ ಮನಸ್ಸಿಟ್ಟು ಕೇಳಿ. ನಿಮ್ಮ ಥೀಸಿಸ್‌ನ ಸ್ಯಾಂಪಲ್ ಸೈಜ್ ಅನ್ನು ಬೇರೆಯವರ ಥೀಸಿಸ್‌ನಿಂದ ಎತ್ತಿಕೊಳ್ಳುವ ಗತಿ ಬರುವುದಿಲ್ಲ.

ಥೀಸಿಸ್ ಬಗ್ಗೆ ಒಂದು ಮಾತು. ವಿಷಯ ಆರಿಸುವಾಗಲೇ "ಇದು ಪೇಪರ್ ಆಗುತ್ತದಾ?" ಎಂದು ಗೈಡ್ ಹತ್ತಿರ ಕೂತು ಚರ್ಚಿಸಿ. ಮುಂದೆ ಅಸೋಸಿಯೇಟ್ ಪ್ರೊಫೆಸರ್ ಆಗಲು ಎರಡು ಪ್ರಕಟಿತ ಪೇಪರ್ ಬೇಕು. ಅವು ಇಂಡೆಕ್ಸ್ ಆದ (ಮಾನ್ಯ ಡೇಟಾಬೇಸ್‌ಗಳ ಪಟ್ಟಿಯಲ್ಲಿರುವ) ಜರ್ನಲ್‌ಗಳಲ್ಲಿ ಬಂದಿರಬೇಕು. ಕೇಸ್ ರಿಪೋರ್ಟ್ ಈ ಲೆಕ್ಕಕ್ಕೆ ಬರುವುದಿಲ್ಲ. ಅಪರೂಪದ ಕೇಸ್ ಸಿಕ್ಕಿತೆಂದು ಕೇಸ್ ರಿಪೋರ್ಟ್ ಬರೆಯುತ್ತಾ ಕೂತು, ಕೈಯಲ್ಲಿರುವ ಥೀಸಿಸ್ ಡೇಟಾವನ್ನು ಬೀರುವಿನಲ್ಲಿ ಕೊಳೆಯಲು ಬಿಡುವವರನ್ನು ಎಷ್ಟೋ ನೋಡಿದ್ದೇನೆ.

ಹೆಜ್ಜೆ 3: ವಾರ್ಡಿನಲ್ಲಿ ಪಾಠ ಹೇಳಲು ಕಲಿಯಿರಿ

ನನ್ನ ಮಟ್ಟಿಗೆ ಮುಖ್ಯವಾದ ಹೆಜ್ಜೆ ಇದು. ಎಂಬಿಬಿಎಸ್ ವಿದ್ಯಾರ್ಥಿಗಳಿಗೂ ಹೌಸ್ ಸರ್ಜನ್‌ಗಳಿಗೂ ಪಾಠ ಹೇಳುವುದರಲ್ಲಿ ಪಿಜಿಗಳು ಭಾಗವಹಿಸಬೇಕು ಎಂದು ನಿಯಮದಲ್ಲೇ ಇದೆ. ಆದ್ದರಿಂದ "ಸರ್, ನಾಳೆ ಕ್ಲಿನಿಕ್ ನಾನು ತಗೊಳ್ಳಲಾ?" ಎಂದು ಕೇಳಲು ಸಂಕೋಚ ಬೇಡ. ಹೆಚ್ಚಿನ ಯೂನಿಟ್ ಚೀಫ್‌ಗಳಿಗೆ ಖುಷಿಯೇ ಆಗುತ್ತದೆ, ಅವರಿಗೂ ಓಪಿಡಿ ಕಾಯುತ್ತಿರುತ್ತದೆ.

ಒಂದು ಗಂಟೆ ಬಿಡುವು ಸಿಕ್ಕಾಗ ಪಾಠ ಮಾಡೋಣ ಎಂದುಕೊಂಡರೆ ಆ ಗಂಟೆ ಸಿಗುವುದೇ ಇಲ್ಲ. ಸಿಗುವುದು ಐದು ನಿಮಿಷ, ಅದೂ ಕೆಲಸದ ನಡುವೆ. ಇದಕ್ಕೆಂದೇ ಹುಟ್ಟಿದ ಒಂದು ಪದ್ಧತಿಯಿದೆ. 1992ರಲ್ಲಿ ಅಮೆರಿಕದ ಫ್ಯಾಮಿಲಿ ಮೆಡಿಸಿನ್ ವೈದ್ಯರು ಪ್ರಕಟಿಸಿದ ಇದನ್ನು ಒನ್ ಮಿನಿಟ್ ಪ್ರಿಸೆಪ್ಟರ್ ಎನ್ನುತ್ತಾರೆ. ಪುಸ್ತಕದ ಭಾಷೆ ಬಿಟ್ಟು ನಮ್ಮ ಕ್ಯಾಶುಯಾಲ್ಟಿಯಲ್ಲಿ ಅದು ಹೇಗೆ ನಡೆಯುತ್ತದೆ ಎಂದು ತೋರಿಸುತ್ತೇನೆ.

ರಾತ್ರಿ ಒಂಬತ್ತರ ಹೊತ್ತು. ಕಬ್ಬಿನ ಗದ್ದೆಯಲ್ಲಿ ಹಾವು ಕಚ್ಚಿದ ಹೆಂಗಸೊಬ್ಬರನ್ನು ಕರೆತಂದಿದ್ದಾರೆ. ಹೌಸ್ ಸರ್ಜನ್ ನೋಡಿ ಬಂದು ಪಿಜಿ ಹತ್ತಿರ ನಿಂತಿದ್ದಾನೆ.

"ನಿನಗೇನು ಅನ್ನಿಸುತ್ತೆ?"

"ಕೊಳಕುಮಂಡಲ ಇರಬೇಕು ಮೇಡಂ. ಎಎಸ್‌ವಿ (ಹಾವಿನ ವಿಷಕ್ಕೆ ಕೊಡುವ ಮದ್ದು) ಶುರು ಮಾಡೋಣ್ವಾ?"

"ಯಾಕೆ ಕೊಳಕುಮಂಡಲ ಅಂದೆ?"

"ಪಾದ ಊದಿದೆ, ನೋವು ಜಾಸ್ತಿ ಇದೆ. ಆದ್ರೆ ವಸಡು, ಮೂತ್ರ ಎಲ್ಲೂ ರಕ್ತ ಇಲ್ಲ."

"ಸರಿ. ರಕ್ತ ಹೆಪ್ಪುಗಟ್ಟೋ ಶಕ್ತಿ ಉಳಿದಿದೆಯಾ ಅಂತ ನಾವೇ ಇಲ್ಲೇ ನೋಡಬಹುದು. ಎರಡು ಎಂಎಲ್ ರಕ್ತ ತಗೊ."

ಹುಡುಗ ಟ್ರೇಯಿಂದ ಪ್ಲಾಸ್ಟಿಕ್ ಟ್ಯೂಬ್ ಎತ್ತಿಕೊಳ್ಳುತ್ತಾನೆ. "ಪ್ಲಾಸ್ಟಿಕ್ ಬೇಡ, ಗಾಜಿಂದೇ ಬೇಕು, ಒಣಗಿರಬೇಕು. ಗಾಜು ತಾಗಿದ್ರೆ ಹೆಪ್ಪುಗಟ್ಟೋ ಕ್ರಿಯೆ ಶುರುವಾಗುತ್ತೆ. ಪ್ಲಾಸ್ಟಿಕ್ ಆದ್ರೆ, ಸೋಪುಪುಡಿ ಹಾಕಿ ತೊಳೆದ ಟ್ಯೂಬ್ ಆದ್ರೆ, ಸರಿಯಿರೋ ರಕ್ತವೂ ಹೆಪ್ಪುಗಟ್ಟದೆ ನಮ್ಮನ್ನ ದಾರಿ ತಪ್ಪಿಸುತ್ತೆ. ಮೊಬೈಲ್‌ನಲ್ಲಿ ಇಪ್ಪತ್ತು ನಿಮಿಷ ಇಡು. ಅಲ್ಲಿವರೆಗೆ ಮುಟ್ಟಬೇಡ, ಅಲ್ಲಾಡಿಸಬೇಡ. ಆಮೇಲೆ ಒಂದೇ ಸಲ ಓರೆ ಮಾಡು. ನೀರಿನ ಹಾಗೆ ಹರಿದ್ರೆ ಎಎಸ್‌ವಿ ಬೇಕು."

ಆ ಇಪ್ಪತ್ತು ನಿಮಿಷವೂ ಪಾಠದ ಸಮಯವೇ. "ರಕ್ತ ಹೆಪ್ಪುಗಟ್ಟಿತು ಅಂತ ಇಟ್ಕೊ. ಮನೆಗೆ ಕಳಿಸ್ತೀಯಾ?" ಹುಡುಗ ತಡವರಿಸುತ್ತಾನೆ. "ನಾಗರಹಾವು, ಕಟ್ಟುಹಾವು ಕಚ್ಚಿದ್ರೆ ರಕ್ತ ಚೆನ್ನಾಗೇ ಹೆಪ್ಪುಗಟ್ಟುತ್ತೆ. ಅಲ್ಲಿ ಹೋಗೋದು ನರ. ರೆಪ್ಪೆ ಜೋಲುತ್ತಿದೆಯಾ, ಉಸಿರು ಹೇಗಿದೆ, ನೋಡ್ತಾ ಇರಬೇಕು. ಮಂಡಲದ ವಿಷವೂ ತಡವಾಗಿ ತೋರಿಸಬಹುದು, ಅದಕ್ಕೇ ಈ ಪರೀಕ್ಷೆ ಮತ್ತೆ ಮತ್ತೆ ಮಾಡೋದು."

ಕೊನೆಗೆ ಎರಡು ವಾಕ್ಯ. "ಬಂದ ತಕ್ಷಣ ಕಾಲಿಗೆ ಕಟ್ಟಿದ್ದ ಹಗ್ಗ ನೋಡಿ ನನ್ನ ಕರೆದೆಯಲ್ಲ, ಅದು ಒಳ್ಳೇ ಕೆಲಸ. ಆದ್ರೆ ಊತ ಎಲ್ಲಿವರೆಗೆ ಇದೆ ಅಂತ ಪೆನ್ನಲ್ಲಿ ಗೆರೆ ಎಳೆದು ಟೈಮ್ ಬರೆದಿಲ್ಲ. ಈಗ ಬರೆ."

ಇಷ್ಟರಲ್ಲಿ ಪದ್ಧತಿಯ ಐದೂ ಅಂಶ ಬಂದುಹೋಯಿತು. ಮೊದಲು ಕಲಿಯುವವನ ಅಭಿಪ್ರಾಯ ಕೇಳಿದರು, ಆಮೇಲೆ ಕಾರಣ ಕೇಳಿದರು. ಒಂದು ಸಾಮಾನ್ಯ ನಿಯಮ ಕಲಿಸಿದರು. ಸರಿಯಾಗಿ ಮಾಡಿದ್ದನ್ನು ಹೆಸರಿಟ್ಟು ಮೆಚ್ಚಿದರು, ತಪ್ಪಿದ್ದನ್ನು ಅಲ್ಲೇ ತಿದ್ದಿದರು. "ಗುಡ್" ಎಂದಷ್ಟೇ ಹೇಳಿ ಮುಂದೆ ಹೋಗಿದ್ದರೆ ಯಾವುದು ಗುಡ್ ಎಂದು ಹುಡುಗನಿಗೆ ತಿಳಿಯುತ್ತಿರಲಿಲ್ಲ. ಇನ್ನೊಂದು ಗಮನಿಸಿ: ಹಾವಿನ ಬಗ್ಗೆ ಇಡೀ ಅಧ್ಯಾಯ ಹೇಳಲು ಪಿಜಿ ಹೋಗಲಿಲ್ಲ. ಒಂದು ಪರೀಕ್ಷೆ, ಅದರ ಮಿತಿ, ಅಷ್ಟೇ. ಕರ್ನಾಟಕದಲ್ಲಿ 2024ರಿಂದ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ. ಮರುದಿನ ಬೆಳಗ್ಗೆ ಅದೇ ಹುಡುಗನ ಕೈಯಲ್ಲಿ ಆ ವರದಿ ತುಂಬಿಸಿದರೆ ಅದೂ ಒಂದು ಪಾಠ.

ಇದನ್ನು ವಾರಕ್ಕೆ ಎರಡು ಸಲ ಮಾಡಿ, ಸಾಕು. ಯಾವ ಕೇಸ್, ಏನು ಕಲಿಸಿದಿರಿ, ಕೇಳಿದವರು ಯಾರು ಎಂದು ಲಾಗ್‌ಬುಕ್‌ನ ಹಿಂದಿನ ಪುಟಗಳಲ್ಲಿ ಒಂದೊಂದು ಸಾಲು ಬರೆದಿಡಿ. ಸ್ವಲ್ಪ ಪಳಗಿದ ಮೇಲೆ ನಿಮ್ಮ ಜೂನಿಯರ್ ಪಿಜಿಗಳ ಜೊತೆ ಸ್ನ್ಯಾಪ್ಸ್ ಎಂಬ ಪದ್ಧತಿ ಪ್ರಯತ್ನಿಸಿ. ಅದರಲ್ಲಿ ಪ್ರಶ್ನೆ ಕೇಳುವುದು ಕಲಿಯುವವರ ಕೆಲಸ. ಅವರೇ ಕೇಸನ್ನು ಚಿಕ್ಕದಾಗಿ ಹೇಳಿ, ಎರಡು ಮೂರು ಸಾಧ್ಯತೆಗಳಿಗೆ ಇಳಿಸಿ, ತಮಗೆ ಎಲ್ಲಿ ಅನುಮಾನವಿದೆ ಎಂದು ನಿಮ್ಮನ್ನು ಕೇಳುತ್ತಾರೆ.

ರೋಗಿಯ ಹಾಸಿಗೆ ಪಕ್ಕದ ಶಿಷ್ಟಾಚಾರ

ಇದು ಯಾವ ಸಿಲಬಸ್‌ನಲ್ಲೂ ಸರಿಯಾಗಿ ಬರುವುದಿಲ್ಲ. 2019ರ ಬ್ಯಾಚಿನಿಂದ ಎಂಬಿಬಿಎಸ್‌ಗೆ ಬಂದ ಹೊಸ ಪಠ್ಯಕ್ರಮದಲ್ಲಿ ನಡವಳಿಕೆ, ನೀತಿ, ಸಂವಹನಕ್ಕೆ ಏಟ್‌ಕಾಮ್ ಎಂಬ ಪ್ರತ್ಯೇಕ ಭಾಗವಿದೆ, ಒಳ್ಳೆಯದೇ. ಆದರೆ ಹುಡುಗರು ನಿಜವಾಗಿ ಕಲಿಯುವುದು ನೀವು ರೋಗಿಯ ಹತ್ತಿರ ಹೇಗೆ ನಿಲ್ಲುತ್ತೀರಿ ಎಂಬುದನ್ನು ನೋಡಿ.

ಮೊದಲು ಅನುಮತಿ ಕೇಳಿ, ಅದೂ ಕನ್ನಡದಲ್ಲಿ, ಕೇಳಿಸುವ ಹಾಗೆ. "ಅಜ್ಜಿ, ಈ ಮಕ್ಕಳು ನಿಮ್ಮ ಹೊಟ್ಟೆ ಮುಟ್ಟಿ ನೋಡಿ ಕಲೀಬೇಕು. ಆಗಬಹುದಾ? ನೋವಾದ್ರೆ ಹೇಳಿ, ನಿಲ್ಲಿಸ್ತೀವಿ." ಬೇಡವೆಂದರೆ ಮುಂದಿನ ಬೆಡ್‌ಗೆ ಹೋಗಿ. ಹನ್ನೆರಡು ಜನ ಸಾಲಾಗಿ ಒಂದೇ ಲಿವರ್ ಒತ್ತುವುದು ಕಲಿಕೆಯಲ್ಲ, ಹಿಂಸೆ. ಇಬ್ಬರು ಮೂವರು ನೋಡಲಿ, ಉಳಿದವರಿಗೆ ಬೇರೆ ರೋಗಿ. ಪರದೆ ಎಳೆಯಿರಿ. ಇಂಗ್ಲಿಷಿನಲ್ಲಿ ಹೇಳಿದರೆ ಅರ್ಥವಾಗುವುದಿಲ್ಲವೆಂದು ಹಾಸಿಗೆ ಮುಂದೆಯೇ "ಸಿಎ ಸ್ಟಮಕ್" (ಜಠರದ ಕ್ಯಾನ್ಸರ್) ಎಂದುಬಿಡುತ್ತಾರೆ. ಪಕ್ಕದಲ್ಲಿ ಫ್ಲಾಸ್ಕ್ ಹಿಡಿದು ನಿಂತಿರುವ ಮಗನಿಗೆ ಎಲ್ಲ ಅರ್ಥವಾಗಿರುತ್ತದೆ. ಅಂಥ ಚರ್ಚೆ ಡ್ಯೂಟಿ ರೂಮಿನಲ್ಲಿ ಆಗಲಿ.

ಬೇರೆ ರಾಜ್ಯದಿಂದ ಬಂದ ವಿದ್ಯಾರ್ಥಿಗಳು ಈಗ ಎಲ್ಲ ಕಾಲೇಜಿನಲ್ಲೂ ಇದ್ದಾರೆ. ಮೊದಲ ವರ್ಷದ ಫೌಂಡೇಶನ್ ಕೋರ್ಸ್‌ನಲ್ಲಿ ಸ್ಥಳೀಯ ಭಾಷೆಗೂ ಸಮಯವಿದೆ. ಆದರೆ ವಾರ್ಡಿಗೆ ಬರುವ ಹೊತ್ತಿಗೆ ಅವರಲ್ಲಿ ಉಳಿದಿರುವುದು "ಊಟ ಆಯ್ತಾ" ಒಂದೇ. ಅವರಿಗೆ ಹಿಸ್ಟರಿ ತೆಗೆಯುವ ಇಪ್ಪತ್ತು ಕನ್ನಡ ಪ್ರಶ್ನೆ ಬರೆದುಕೊಟ್ಟು, ರೋಗಿಯ ಮುಂದೆ ಕೂರಿಸಿ, ಉತ್ತರ ತಿಳಿಯದಿದ್ದಾಗ ಮಾತ್ರ ನೀವು ಬಾಯಿ ಹಾಕಿ. ಕಲಬುರಗಿಯಿಂದ ಮಂಡ್ಯಕ್ಕೆ ಬಂದ ನಮ್ಮದೇ ಹುಡುಗರೂ ಮೊದಲ ತಿಂಗಳು ಕಷ್ಟಪಡುತ್ತಾರೆ ಎನ್ನುವುದನ್ನು ಅವರಿಗೆ ಹೇಳಿ, ಸ್ವಲ್ಪ ಧೈರ್ಯ ಬರುತ್ತದೆ.

ಬೈದು ಕಲಿಸುವ ಪರಂಪರೆ ನಮ್ಮಲ್ಲಿ ಹಳೆಯದು. ರೋಗಿಯ ಮುಂದೆ, ನರ್ಸ್‌ಗಳ ಮುಂದೆ ಹೌಸ್ ಸರ್ಜನ್‌ನ ಮಾನ ಕಳೆದರೆ ಅವನು ಮುಂದೆ ಮಾಡುವುದು ಒಂದೇ, ಗೊತ್ತಿಲ್ಲದ್ದನ್ನು ಮುಚ್ಚಿಡುವುದು. ಪೊಟ್ಯಾಶಿಯಂ ರಿಪೋರ್ಟ್ ನೋಡಿಲ್ಲ ಎಂದು ಒಪ್ಪಿಕೊಳ್ಳುವ ಬದಲು "ನಾರ್ಮಲ್ ಸರ್" ಎಂದುಬಿಡುತ್ತಾನೆ. ಅದರ ಬೆಲೆ ತೆರುವುದು ರೋಗಿ.

ಹೆಜ್ಜೆ 4: ಜಿಲ್ಲಾಸ್ಪತ್ರೆಯ ಮೂರು ತಿಂಗಳು

ಪಿಜಿಯ ಮೂರರಿಂದ ಐದನೇ ಸೆಮಿಸ್ಟರ್ ನಡುವೆ ಮೂರು ತಿಂಗಳ ಡಿಆರ್‌ಪಿ, ಅಂದರೆ ಜಿಲ್ಲಾ ರೆಸಿಡೆನ್ಸಿ ಇರುತ್ತದೆ. ಹೆಚ್ಚಿನವರು ಇದನ್ನು ಪರೀಕ್ಷೆಗೆ ಓದುವ ರಜೆ ಎಂದುಕೊಳ್ಳುತ್ತಾರೆ. ಓದಿ, ಬೇಡವೆನ್ನುವುದಿಲ್ಲ. ಆದರೆ ಅಲ್ಲಿನ ನರ್ಸಿಂಗ್ ಆಫೀಸರ್‌ಗಳಿಗೆ ಇಸಿಜಿಯಲ್ಲಿ ಹಾರ್ಟ್ ಅಟ್ಯಾಕ್ ಗುರುತಿಸುವುದನ್ನೋ, ಸಕ್ಕರೆ ಕಾಯಿಲೆಯವರ ಪಾದ ನೋಡುವುದನ್ನೋ ವಾರಕ್ಕೊಂದು ಅರ್ಧ ಗಂಟೆ ಹೇಳಿಕೊಡಿ. ಪರೀಕ್ಷೆಗಾಗಿ ಕಲಿಯುವವರಿಗೆ ಹೇಳುವುದೇ ಬೇರೆ, ನಾಳೆ ಬೆಳಗ್ಗೆಯೇ ಬೇಕು ಎಂದು ಕಲಿಯುವವರಿಗೆ ಹೇಳುವುದೇ ಬೇರೆ. ಎರಡನೆಯದು ಅಲ್ಲಿ ಮಾತ್ರ ಸಿಗುತ್ತದೆ.

ಹೆಜ್ಜೆ 5: ಎಸ್‌ಆರ್‌ಶಿಪ್

ಎಂಡಿ ಆದ ಮೇಲೆ ಅಸಿಸ್ಟೆಂಟ್ ಪ್ರೊಫೆಸರ್ ಆಗಲು ಸಾಮಾನ್ಯ ದಾರಿ ಮಾನ್ಯತೆ ಪಡೆದ ಮೆಡಿಕಲ್ ಕಾಲೇಜಿನಲ್ಲಿ ಒಂದು ವರ್ಷದ ಸೀನಿಯರ್ ರೆಸಿಡೆನ್ಸಿ, ಜೊತೆಗೆ ಬಿಸಿಬಿಆರ್. ಕರ್ನಾಟಕದ 2012ರ ಕಡ್ಡಾಯ ಸೇವೆ ಕಾಯ್ದೆ ನಿಮಗೆ ಅನ್ವಯವಾದರೆ ಕೌನ್ಸೆಲಿಂಗ್‌ನಲ್ಲಿ ಎಚ್ಚರವಿರಲಿ. ಸರ್ಕಾರಿ ಮೆಡಿಕಲ್ ಕಾಲೇಜಿನಲ್ಲಿ ಎಸ್‌ಆರ್ ಆಗಿ ಹಾಕಿದರೆ ಕಡ್ಡಾಯ ಸೇವೆಯೂ ಮುಗಿಯುತ್ತದೆ, ಟೀಚಿಂಗ್ ಅನುಭವವೂ ಕೂಡುತ್ತದೆ. ತಾಲ್ಲೂಕು ಆಸ್ಪತ್ರೆಗೆ ತಜ್ಞರಾಗಿ ಹೋದರೆ ಅದು ಒಳ್ಳೆಯ ಸೇವೆ, ಆದರೆ ಆ ವರ್ಷ ಎಸ್‌ಆರ್‌ಶಿಪ್ ಎಂದು ಗಣನೆಗೆ ಬರುವುದಿಲ್ಲ. ಗೊತ್ತಿದ್ದು ಆರಿಸುವುದಾದರೆ ಆರಿಸಿ.

ಎನ್‌ಎಂಸಿಯ 2025ರ ನಿಯಮಗಳು ಇನ್ನೊಂದು ಬಾಗಿಲು ತೆರೆದಿವೆ. 220 ಅಥವಾ ಅದಕ್ಕಿಂತ ಹೆಚ್ಚು ಹಾಸಿಗೆಯ ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ವರ್ಷ ದುಡಿದ ಪಿಜಿ ತಜ್ಞರು ಎಸ್‌ಆರ್‌ಶಿಪ್ ಇಲ್ಲದೆಯೂ ಅಸಿಸ್ಟೆಂಟ್ ಪ್ರೊಫೆಸರ್ ಆಗಬಹುದು. ಬಿಸಿಬಿಆರ್ ಅನ್ನು ನೇಮಕವಾದ ಎರಡು ವರ್ಷದೊಳಗೆ ಮುಗಿಸಬೇಕು. ಇದರ ಬಗ್ಗೆ ಕಾಲೇಜುಗಳಲ್ಲಿ ಗೊಣಗಾಟವಿದೆ. ನನಗನ್ನಿಸುವುದು, ಜಿಲ್ಲಾಸ್ಪತ್ರೆಯಲ್ಲಿ ದಿನಕ್ಕೆ ನೂರು ರೋಗಿ ನೋಡಿದವರಿಗೆ ಹೇಳಲು ನಮಗಿಂತ ಹೆಚ್ಚೇ ಇರುತ್ತದೆ. ಅವರಿಗೆ ಬೇಕಾದದ್ದು ಹೇಳುವ ಅಭ್ಯಾಸ, ಅದನ್ನು ಕಾಲೇಜು ಕೊಡಬೇಕು.

ಎಸ್‌ಆರ್ ವರ್ಷದಲ್ಲಿ ಡ್ಯೂಟಿ ಲಿಸ್ಟ್ ಹಾಕುತ್ತಾ ಕಾಲ ಕಳೆಯುವುದು ಸುಲಭ. ಎಚ್‌ಒಡಿ ಹತ್ತಿರ ಹೋಗಿ ಮೂರು ಕೇಳಿಕೊಳ್ಳಿ: ಒಂದು ಎಂಬಿಬಿಎಸ್ ಬ್ಯಾಚಿನ ಬೆಡ್‌ಸೈಡ್ ಕ್ಲಿನಿಕ್, ಇಂಟರ್ನಲ್ ಪರೀಕ್ಷೆಯಲ್ಲಿ ಒಂದು ಆಸ್ಕಿ ಸ್ಟೇಷನ್ (ಒಂದು ಕೌಶಲವನ್ನು ಮಾಡಿಸಿ ಅಂಕ ಕೊಡುವ ಪ್ರಾಯೋಗಿಕ ಪರೀಕ್ಷೆಯ ಹಂತ) ರೂಪಿಸುವ ಕೆಲಸ, ಸ್ಕಿಲ್ ಲ್ಯಾಬ್‌ನಲ್ಲಿ ಒಂದು ಸೆಷನ್. ಆಸ್ಕಿ ಸ್ಟೇಷನ್ ಕಟ್ಟಲು ಕೂತಾಗಲೇ, ನಮಗೆ ಕೈಬೆರಳ ತುದಿಯಲ್ಲಿದೆ ಎಂದುಕೊಂಡಿದ್ದ ಬಿಪಿ ನೋಡುವ ಕ್ರಮದಲ್ಲಿ ಎಷ್ಟು ಮೆಟ್ಟಿಲಿವೆ ಎಂದು ತಿಳಿಯುವುದು.

ಖಾಸಗಿ ಕಾಲೇಜಿನವರು "ನೀವು ಬರೋದೇ ಬೇಡ, ಇನ್ಸ್‌ಪೆಕ್ಷನ್ ದಿನ ಬಂದರೆ ಸಾಕು" ಎಂದರೆ ಅಲ್ಲಿಂದ ಎದ್ದು ಬನ್ನಿ. ಈಗ ಹಾಜರಿ ಆಧಾರ್ ಜೊತೆ ಜೋಡಿಕೊಂಡಿದೆ, ಮುಖ ಗುರುತಿಸುವ ಆ್ಯಪ್ ಕೂಡ ಬಂದಿದೆ. ಅದನ್ನು ಬಿಡಿ, ಸಿಕ್ಕಿಬೀಳುವ ಭಯಕ್ಕಿಂತ ದೊಡ್ಡ ವಿಷಯವೆಂದರೆ ನಿಮ್ಮ ಹೆಸರಿನಲ್ಲಿ ಪಾಠ ಕೇಳದೆ ಡಾಕ್ಟರ್ ಆಗುವ ಒಂದು ಬ್ಯಾಚ್ ಇರುತ್ತದೆ.

ಹೆಜ್ಜೆ 6: ಕಲಿಸುವುದನ್ನೇ ಓದುವುದು

ಪ್ರತಿ ಕಾಲೇಜಿನಲ್ಲೂ ಮೆಡಿಕಲ್ ಎಜುಕೇಶನ್ ಯೂನಿಟ್ ಇದೆ. ಅಧ್ಯಾಪಕರಿಗೆ ಎನ್‌ಎಂಸಿ ಕಡ್ಡಾಯ ಮಾಡಿರುವ ಮೂಲ ತರಬೇತಿ ಬಿಸಿಎಂಇಟಿ, ಆ ಮೂಲಕವೇ ನಡೆಯುತ್ತದೆ. ಬಡ್ತಿಗೆ ಅದು ಬೇಕೇಬೇಕು, ಸೀಟು ಸೀಮಿತ, ಆದ್ದರಿಂದ ಸೇರಿದ ವರ್ಷವೇ ಹೆಸರು ಕೊಡಿ. ಮುಂದುವರಿಯಬೇಕೆನಿಸಿದರೆ ಅಡ್ವಾನ್ಸ್ಡ್ ಕೋರ್ಸ್ ಇದೆ, ಅದರಲ್ಲಿ ನಿಮ್ಮ ಕಾಲೇಜಿನಲ್ಲೇ ಒಂದು ಪ್ರಾಜೆಕ್ಟ್ ಮಾಡಬೇಕು. ಅದಕ್ಕೂ ಮೇಲೆ ಫೈಮರ್ (ವೈದ್ಯಕೀಯ ಶಿಕ್ಷಣಕ್ಕೆಂದೇ ಇರುವ ಅಮೆರಿಕದ ಸಂಸ್ಥೆ) ಫೆಲೋಶಿಪ್: ಮುಂಬೈನ ಸೇಠ್ ಜಿಎಸ್ ಮೆಡಿಕಲ್ ಕಾಲೇಜು, ಲುಧಿಯಾನದ ಸಿಎಂಸಿ, ಕೊಯಮತ್ತೂರಿನ ಪಿಎಸ್‌ಜಿ ಇದರ ಪ್ರಾದೇಶಿಕ ಕೇಂದ್ರಗಳಾಗಿ ಹೆಸರು ಮಾಡಿವೆ. ನಮ್ಮ ಮಣಿಪಾಲದಲ್ಲೂ ಬೇರೆ ಬೇರೆ ಆರೋಗ್ಯ ವೃತ್ತಿಯವರನ್ನು ಒಟ್ಟಿಗೆ ಕಲಿಸುವ ಬಗ್ಗೆ ಫೈಮರ್ ಜೊತೆಗಿನ ಫೆಲೋಶಿಪ್ ಇದೆ.

ಎಲ್ಲರಿಗೂ ಫೈಮರ್ ಬೇಕಿಲ್ಲ. ಪಠ್ಯಕ್ರಮ, ಪರೀಕ್ಷಾ ಪದ್ಧತಿ ಇವುಗಳಲ್ಲಿ ಆಸಕ್ತಿಯಿದ್ದವರು ಹೋಗಲಿ. ವಾರ್ಡ್ ಮೇಷ್ಟ್ರಾಗಿಯೇ ಇರುವವರಿಗೆ ಮೂಲ ತರಬೇತಿ ಮತ್ತು ಒಬ್ಬ ಒಳ್ಳೆಯ ಸೀನಿಯರ್‌ನ ಕ್ಲಿನಿಕ್‌ನಲ್ಲಿ ಹಿಂದೆ ನಿಂತು ನೋಡುವುದು, ಇಷ್ಟು ಸಾಕಾಗುತ್ತದೆ.

ವಿದೇಶಕ್ಕೆ ಹೋದವರಿಗೆ

ಬ್ರಿಟನ್ನಿನ ಎನ್‌ಎಚ್‌ಎಸ್ ಆಸ್ಪತ್ರೆಗಳಲ್ಲಿ ಕ್ಲಿನಿಕಲ್ ಟೀಚಿಂಗ್ ಫೆಲೋ ಎಂಬ ಹುದ್ದೆಗಳಿವೆ. ವಾರದ ಒಂದು ಭಾಗ ರೋಗಿಗಳು, ಒಂದು ಭಾಗ ವಿದ್ಯಾರ್ಥಿಗಳು. ಎಷ್ಟೋ ಕಡೆ ಮೆಡಿಕಲ್ ಎಜುಕೇಶನ್ ಸರ್ಟಿಫಿಕೇಟ್ ಕೋರ್ಸಿನ ಶುಲ್ಕವನ್ನೂ ಆಸ್ಪತ್ರೆಯೇ ಕೊಡುತ್ತದೆ, ಅರ್ಜಿ ಹಾಕುವಾಗಲೇ ಕೇಳಿ. ಅಮೆರಿಕದಲ್ಲಿ ವಾರ್ಡಿನ ರೋಗಿಗಳನ್ನಷ್ಟೇ ನೋಡುವ ವೈದ್ಯರಿಗೆ ಹಾಸ್ಪಿಟಲಿಸ್ಟ್ ಎಂಬ ಹೆಸರು 1996ರಲ್ಲಿ ಬಂತು. ಟೀಚಿಂಗ್ ಆಸ್ಪತ್ರೆಗಳಲ್ಲಿ ರೆಸಿಡೆಂಟ್‌ಗಳಿಗೆ ಪಾಠ ಹೇಳುವುದರಲ್ಲಿ ಈಗ ಅವರದು ದೊಡ್ಡ ಪಾಲು. ಇಂಟರ್ನಲ್ ಮೆಡಿಸಿನ್‌ನ ಮೂರು ವರ್ಷ ಮುಗಿದ ಮೇಲೆ ಚೀಫ್ ರೆಸಿಡೆಂಟ್ ಆಗಿ ಒಂದು ವರ್ಷ ಇರುವುದು ಆ ದಾರಿಗೆ ಒಳ್ಳೆಯ ಮೆಟ್ಟಿಲು. ಅಲ್ಲಿ ಸಂದರ್ಶನದಲ್ಲಿ ಟೀಚಿಂಗ್ ಪೋರ್ಟ್‌ಫೋಲಿಯೋ ಕೇಳುತ್ತಾರೆ. ಇಲ್ಲಿ ಲಾಗ್‌ಬುಕ್ ಹಿಂದೆ ಬರೆದಿಟ್ಟ ಸಾಲುಗಳು ಆಗ ಕೆಲಸಕ್ಕೆ ಬರುತ್ತವೆ.

ಹೆಜ್ಜೆ 7: ಫೈಲ್

ನಮ್ಮ ಸರ್ಕಾರಿ ಮೆಡಿಕಲ್ ಕಾಲೇಜುಗಳು ಹೆಚ್ಚಾಗಿ ಸ್ವಾಯತ್ತ ಸಂಸ್ಥೆಗಳು. ಒಂದೊಂದೂ ತನ್ನದೇ ಅಧಿಸೂಚನೆ ಹೊರಡಿಸುತ್ತದೆ, ಅರ್ಜಿಗೆ ಸಿಗುವ ಸಮಯ ಕಡಿಮೆ. ಜಾಹೀರಾತು ಬಂದ ಮೇಲೆ ಹಳೆಯ ಕಾಲೇಜಿಗೆ ಓಡಿ ಅನುಭವ ಪ್ರಮಾಣಪತ್ರ ಕೇಳಿದರೆ "ಕೇಸ್ ವರ್ಕರ್ ರಜೆಯಲ್ಲಿದ್ದಾರೆ" ಎಂಬ ಉತ್ತರ ಸಿಗುತ್ತದೆ. ಆದ್ದರಿಂದ ಎಸ್‌ಆರ್‌ಶಿಪ್‌ನ ಕೊನೆಯ ದಿನವೇ ರಿಲೀವಿಂಗ್ ಆರ್ಡರ್ ಜೊತೆ ಅನುಭವ ಪ್ರಮಾಣಪತ್ರವನ್ನೂ ಕೈಗೆ ತೆಗೆದುಕೊಳ್ಳಿ. ಅದರಲ್ಲಿ ಸೇರಿದ ದಿನ, ಬಿಟ್ಟ ದಿನ, ವಿಭಾಗದ ಹೆಸರು, "ಸೀನಿಯರ್ ರೆಸಿಡೆಂಟ್" ಎಂಬ ಪದನಾಮ ಸರಿಯಾಗಿವೆಯೇ ಎಂದು ಅಲ್ಲೇ ನಿಂತು ಓದಿ. ಎಂಡಿ ಡಿಗ್ರಿಯನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸುವುದನ್ನು ಬಹಳ ಜನ ಮರೆಯುತ್ತಾರೆ, ಸಂದರ್ಶನದ ಹಿಂದಿನ ದಿನ ನೆನಪಾಗುತ್ತದೆ. ಬಿಸಿಬಿಆರ್ ಸರ್ಟಿಫಿಕೇಟ್, ಪೇಪರ್‌ಗಳ ಮೊದಲ ಪುಟ ಮತ್ತು ಜರ್ನಲ್ ಇಂಡೆಕ್ಸ್ ಆಗಿರುವುದರ ಪುರಾವೆ, ಫಾರ್ಮ್ 16, ಜಾತಿ ಪ್ರಮಾಣಪತ್ರ, ಕಲ್ಯಾಣ ಕರ್ನಾಟಕದವರಾದರೆ 371ಜೆ ಪ್ರಮಾಣಪತ್ರ, ಇಷ್ಟನ್ನೂ ಸ್ಕ್ಯಾನ್ ಮಾಡಿ ಇಮೇಲ್‌ನಲ್ಲಿ ಒಂದು ಪ್ರತಿ ಇಡಿ. ಸಂದರ್ಶನಕ್ಕೆ ಹೋಗುವಾಗ ಮೂಲಪ್ರತಿಗಳ ಜೊತೆ ಎರಡು ಸೆಟ್ ಜೆರಾಕ್ಸ್ ಇರಲಿ. ಆ ದಿನ ಕಾಲೇಜಿನ ಮುಂದಿನ ಜೆರಾಕ್ಸ್ ಅಂಗಡಿಯಲ್ಲಿ ಕ್ಯೂ ಇದ್ದೇ ಇರುತ್ತದೆ.